ಗಿರಣಿಯ ಸಪ್ಪಳ, ಬಾವಿಯ ಬಂಡೆ ಮತ್ತು ನನ್ನ ಮದುವೆ

ಎಪ್ಪತ್ತರ ದಶಕದಲ್ಲಿ ನೆಲ ಗುದ್ದಿಸುವುದೇ ನನ್ನ ನೌಕರಿ. ದಿಮ್ಮಸಿನಿಂದ ನೆಲಕ್ಕೆ ಪೆಟ್ಟು ಹಾಕಿಸಿ, ಒಳಗಿನ ಬಂಡೆಗೆ ಬಡಿದು ಬರುವ ಕಂಪನವನ್ನು ಯಂತ್ರದಲ್ಲಿ ಹಿಡಿದು, ಬಂಡೆ ಎಷ್ಟು ಆಳದಲ್ಲಿದೆ ಎಂದು ಹೇಳಬೇಕು. ಇದಕ್ಕೂ ಸರ್ಕಾರ ಪಗಾರ ಕೊಡುತ್ತದೆಯೇ ಎಂದು ಜೋರಾಪುರ ಪೇಟೆಯ ನಮ್ಮ ಓಣಿಯವರು ಅವ್ವನನ್ನು ಕೇಳುತ್ತಿದ್ದರು.

ಅಂಥದ್ದರಲ್ಲಿ ತಿಕೋಟಾದ ಹಿಟ್ಟಿನ ಗಿರಣಿ ಮಾಲಕರ ಮಗಳನ್ನು ನೋಡಲು ಹೋದೆವು. ಆಕೆ ಚಹಾ ಕೊಟ್ಟು ನೆಟ್ಟಗೆ ನನ್ನನ್ನೇ ನೋಡಿದಳು. ನನಗೆ ಅಷ್ಟು ಸಾಕಾಗಿತ್ತು, ಆಕೆಯ ಅಪ್ಪನಿಗೆ ಸಾಕಾಗಲಿಲ್ಲ.

"ಗಿರಣಿ ಹಿತ್ತಲದಾಗ ಬಾವಿ ತೋಡೇವಿ. ಕಲ್ಲು ಎಷ್ಟು ಆಳಕ್ಕ ಹತ್ತೈತಿ, ನನಗ ಗೊತ್ತೈತಿ. ನೀವು ಬಾವ್ಯಾಗ ಹಣಿಕಿ ಹಾಕದನ ಹೇಳ್ರಿ. ಆಮ್ಯಾಲ ಮದವಿ ಮಾತು."

"ಅಷ್ಟೊತ್ತು ಗಿರಣಿ ಬಂದ್ ಇಡ್ತೀರೇನ್ರಿ?" ಎಂದೆ. ಗಿರಣಿಯ ಇಂಜಿನ್ ಅದುರಿದರೆ ಬಂಡೆಯ ಕಂಪನ ಅದರಲ್ಲೇ ಮುಚ್ಚಿಹೋಗುತ್ತದೆ.

"ಗಿರಣಿ ಸಪ್ಪಳದಾಗ ಕಲ್ಲಿನ ಮಾತು ಕೇಳಿಸದವರಿಗೆ ನನ್ನ ಮಗಳ ಮಾತು ಹೆಂಗ ಕೇಳಿಸ್ತೈತಿ?"

ಉಪಾಯ ನನ್ನಲ್ಲಿತ್ತು. ನಮ್ಮ ಯಂತ್ರ ಪೆಟ್ಟು ಪೆಟ್ಟಿನ ಕಂಪನವನ್ನು ಒಂದರ ಮೇಲೊಂದು ಪೇರಿಸುತ್ತದೆ. ಪೆಟ್ಟುಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗುತ್ತಿದ್ದರೆ, ಒಂದೇ ಲಯದ ಇಂಜಿನ್ನಿನ ಅದುರು ಪ್ರತಿ ಸಲ ಬೇರೆ ಕಡೆ ಬಿದ್ದು ಮಸುಕಾಗುತ್ತದೆ; ಬಂಡೆಯ ಉತ್ತರ ಅದೇ ಜಾಗದಲ್ಲಿ ಗಟ್ಟಿಯಾಗುತ್ತ ಹೋಗುತ್ತದೆ. ಹೀಗೆ ಲಯ ತಪ್ಪಿಸಿದ ಪೆಟ್ಟುಗಳ ಕ್ರಮವೊಂದನ್ನು ಹೊಂದಿಸಿದೆ. ಯಂತ್ರದ ಪರೀಕ್ಷೆ ಎಂದು ಸಾಹೇಬರಿಗೆ ಹೇಳಿ, ಬಬಲೇಶ್ವರದ ಇಬ್ಬರು ಆಳುಗಳನ್ನು ಕರೆದುಕೊಂಡು ಹೋದೆ.

ಅವರೋ ಜನ್ಮವಿಡೀ "ಹೈಸಾ" ಎಂದು ಒಂದೇ ಲಯದಲ್ಲಿ ದುಡಿದವರು. ನಾನು ಕೈ ಎತ್ತಿದಾಗ ಗುದ್ದಿ ಎಂದರೂ ನಾಲ್ಕು ಪೆಟ್ಟಿಗೆ ಇಂಜಿನ್ನಿನ ತಾಳ ಹಿಡಿಯುತ್ತಿದ್ದರು. ಬೈಯೋಣವೆಂದರೆ ನನ್ನ ಹಾಳು ಕೈಯೂ ಅದೇ ತಾಳಕ್ಕೆ ಏಳುತ್ತಿತ್ತು. ಯಂತ್ರ ಗೆರೆ ಎಳೆಯುವ ಕಾಗದದ ಮೇಲೆ ಇಂಜಿನ್ನಿನ ಅದುರು ಬಿಟ್ಟು ಬೇರೇನೂ ಮೂಡಲಿಲ್ಲ. ಮಾವನಾಗಬೇಕಾದವರು ಬಾಗಿಲಲ್ಲಿ ನಿಂತು ಮೀಸೆ ತಿರುವುತ್ತ ನಗುತ್ತಿದ್ದರು. ಹೆಣ್ಣು ಕೈತಪ್ಪಿತೆಂದು ನನಗೆ ಅಳುವೇ ಬಂತು.

ಅಷ್ಟರಲ್ಲಿ ಒಳಗೆ ಯಾರೋ ಖಾರ ಕುಟ್ಟುವ ಯಂತ್ರಕ್ಕೆ ಒಣಮೆಣಸಿನಕಾಯಿ ಸುರಿದರು. ಘಾಟು ಹಿತ್ತಲಿಗೆ ನುಗ್ಗಿತು. ಒಬ್ಬ ಸೀನಿದರೆ ದಿಮ್ಮಸು ಗಾಳಿಯಲ್ಲೇ ನಿಲ್ಲುತ್ತಿತ್ತು. ಇನ್ನೊಬ್ಬ ಕೆಮ್ಮಿದರೆ ಹೊತ್ತಲ್ಲದ ಹೊತ್ತಿನಲ್ಲಿ ಬೀಳುತ್ತಿತ್ತು.

"ನಿಲ್ಲಬ್ಯಾಡ್ರೋ ಯಪ್ಪಾ, ಸೀನಕೋತನ ಗುದ್ರಿ" ಎಂದೆ, ಮೂಗು ಒರೆಸಿಕೊಳ್ಳುತ್ತ.

ಕಾಗದದ ಮೇಲೆ ಬಂಡೆ ಮೂಡಿತು. ನಾನು ಆಳ ಹೇಳಿದೆ. ಮಾವನವರು ಮೀಸೆ ತಿರುವುವುದನ್ನು ಬಿಟ್ಟು ಒಳಗೆ ಹೋಗಿ ಸಕ್ಕರೆ ತಂದರು.

ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಊಟಕ್ಕೆ ಕೂತಾಗ, ಅವತ್ತು ಆ ಮೆಣಸಿನಕಾಯಿ ಸುರಿದ ಕೈಗೆ ಬಂಗಾರದ ಬಳೆ ತೊಡಿಸಬೇಕು ಎಂದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟು ಮೆತ್ತಿದ ಎರಡೂ ಕೈ ಮುಂದೆ ಚಾಚಿದಳು.

"ನೀನ ಏನು? ನನಗ ಸಹಾಯ ಮಾಡಾಕ?"

"ಸಹಾಯ ಎಲ್ಲೀದು. ಘಾಟಿಗೆ ನೀವು ಓಡಿ ಹೋಗ್ಲಿ ಅಂತ ಹಾಕಿದ್ನಿ" ಎಂದು ಮತ್ತೆ ರೊಟ್ಟಿಗೆ ಕೈ ಹಚ್ಚಿದಳು. "ಕಣ್ಣೀರು ಮೂಗು ಸುರಿಸಿಕೋತ ಅಲ್ಲೇ ನಿಂತ್ರಿ ನೋಡ್ರಿ, ಆವಾಗ ಮನಸಿಗೆ ಬಂದ್ರಿ."