ನೀರು ಹಾಕದ ಕೋಳಿಗೂಡು

ಕೋಳಿಗೂಡನ್ನು ನಾನು ದಿನಾ ತೊಳೆಯುತ್ತಿದ್ದೆ. ರಾಮಕೃಷ್ಣನಗರದಲ್ಲಿ ನಾವು ಬಾಡಿಗೆಗಿರುವುದು ಕೆಳಮನೆಯಲ್ಲಿ, ಮೇಲ್ಮನೆಯಲ್ಲಿ ಓನರಮ್ಮ. ಬೆಳಗ್ಗೆ ಅವರು ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಬಿಡುವ ಹೊತ್ತಿಗೆ ನಾನು ಬಕೆಟ್ಟು, ಕಡ್ಡಿಪೊರಕೆ, ಫಿನಾಯಿಲ್ ಹಿಡಿದು ಗೂಡಿನ ಸಿಮೆಂಟು ನೆಲ ತಿಕ್ಕುತ್ತಿರುತ್ತಿದ್ದೆ. ಅವರು ಲಿಂಗಪೂಜೆಯಾಗದೆ ಕಾಫಿ ಕುಡಿಯದವರು, ನಾನು ಭಾನುವಾರದ ಚರ್ಚು ತಪ್ಪಿಸದವಳು. ಆದರೆ ಶುಚಿ ಎಂದರೆ ನೀರು ಎನ್ನುವುದರಲ್ಲಿ ಇಬ್ಬರದೂ ಒಂದೇ ನಂಬಿಕೆ.

ಅಷ್ಟು ತಿಕ್ಕಿದರೂ ಗೂಡು ನಾರುತ್ತಿತ್ತು. ಮಳೆ ಶುರುವಾದ ಮೇಲಂತೂ ಮೂಗು ಮುಚ್ಚದೆ ಇರುವ ಹಾಗಿರಲಿಲ್ಲ. ಒಂದು ಬೆಳಗ್ಗೆ ಓನರಮ್ಮ ಸೆರಗನ್ನು ಮೂಗಿಗೆ ಹಿಡಿದೇ ಮೆಟ್ಟಿಲಿಳಿದು ಬಂದರು.

"ನೋಡಮ್ಮ, ನೀವು ಮನೇಲಿ ಏನ್ ತಿಂತೀರೋ ಅದು ನಿಮ್ಮಿಷ್ಟ. ನಾನ್ ಯಾವತ್ತಾದ್ರೂ ಕೇಳಿದೀನಾ? ಆದ್ರೆ ಬರೋ ತಿಂಗ್ಳು ಮಠದ ಬುದ್ಧಿಯೋರು ಪಾದಪೂಜೆಗೆ ನಮ್ಮನೆಗೆ ಬರ್ತಾರೆ. ನಿನ್ ಗೂಡು ನೋಡಿದ್ರೆ ಮೆಟ್ಲು ಬುಡದಲ್ಲೇ ಇದೆ. ವಾಸ್ನೆ ಹೋಗ್ಬೇಕು, ಇಲ್ಲಾ ಕೋಳಿ ಹೋಗ್ಬೇಕು."

ತಮ್ಮ ಮನೆತನ ನಡೆದುಕೊಳ್ಳುವ ಮಠದ ಸ್ವಾಮಿಗಳು ಮನೆಗೆ ಪಾದ ಬೆಳೆಸಲಿ ಎಂದು ಆಕೆ ವರ್ಷಾನುಗಟ್ಟಲೆ ಕಾದಿದ್ದರು. ಅವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಮ್ಮಮ್ಮ ತೀರಿಕೊಳ್ಳುವ ಮುಂಚೆ ತನ್ನ ಹಿತ್ತಲಿನ ಕರಿ ಕೋಳಿಯನ್ನು ಬುಟ್ಟಿಯಲ್ಲಿಟ್ಟು ನನ್ನ ಕೈಗೆ ಕೊಟ್ಟಿದ್ದಳು. ಉಳಿದವೆಲ್ಲ ಅದರ ಮರಿಗಳು. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುವ ನನ್ನ ಗಂಡ, ಕಡಕೊಳದ ತನ್ನ ಸ್ನೇಹಿತನ ಮನೆಗೆ ಬಿಟ್ಟು ಬರೋಣ ಅಂದರು. ಆ ಮನೆಯ ಕೋಳಿಗಳು ಹಬ್ಬ ದಾಟಿದ್ದನ್ನು ನಾನು ಕಂಡಿಲ್ಲ. ಅಮ್ಮನ ಕೋಳಿ ಇನ್ನೊಬ್ಬರ ಮನೆಯ ಸಾರಾಗಲು ನಾನು ಬಿಡುವವಳಲ್ಲ.

ಹಟಕ್ಕೆ ಬಿದ್ದು ದಿನಕ್ಕೆರಡು ಸಲ ತೊಳೆದೆ. ಓನರಮ್ಮನೇ ಮೋಟಾರು ಹಾಕಿ ನೀರು ಬಿಟ್ಟರು, ತಮ್ಮ ಮನೆಯ ಫಿನಾಯಿಲನ್ನೂ ಕೊಟ್ಟರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಫಿನಾಯಿಲಿನ ವಾಸನೆಯೊಂದು ಹೊಸದಾಗಿ ಸೇರಿಕೊಂಡಿತು, ಅಷ್ಟೇ.

ಒಂದು ಮಧ್ಯಾಹ್ನ ಸೋತು ಮೆಟ್ಟಿಲ ಮೇಲೆ ಕೂತಿದ್ದೆ. ಆಗ ಕಣ್ಣಿಗೆ ಬಿತ್ತು: ನಾನು ಸೊಂಟ ಮುರಿದುಕೊಂಡು ತೊಳೆದ ಗೂಡಿನೊಳಗೆ ಒಂದು ಕೋಳಿಯೂ ಇಲ್ಲ. ಎಲ್ಲವೂ ಕಾಂಪೌಂಡಿನ ಮೂಲೆಗೆ ಹೋಗಿ, ಬಾಲ್ಕನಿ ನೆರಳಿನಡಿ ಗುಡಿಸಿ ಒಟ್ಟಿದ್ದ ಹೊಂಗೆಯ ಒಣ ಎಲೆಯಲ್ಲಿ ಮಣ್ಣು ಎರಚಿಕೊಂಡು ಹಾಯಾಗಿ ಬಿದ್ದುಕೊಂಡಿವೆ. ಹೋಗಿ ಕುಕ್ಕರುಗಾಲಲ್ಲಿ ಕೂತೆ. ಅಲ್ಲೂ ಹಿಕ್ಕೆ ಬೇಕಾದಷ್ಟಿತ್ತು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದೆ. ಎಲೆಯ ವಾಸನೆ, ಮಣ್ಣಿನ ವಾಸನೆ, ಬೇರೇನೂ ಇಲ್ಲ. ನಾರುತ್ತಿದ್ದದ್ದು ಕೋಳಿಯಲ್ಲ, ನಾನು ಸುರಿದ ನೀರು! ಅಷ್ಟು ಖುಷಿಯಾಯಿತು, ಬಕೆಟ್ಟನ್ನು ಕಾಲಿನಿಂದ ಒದ್ದೆ.

ಅಂದಿನಿಂದ ಗೂಡಿಗೆ ಹಾಸು ಹುಡುಕುವುದೇ ಕೆಲಸ. ಮೊದಲು ಹಳೇ ಪೇಪರು ಹಾಸಿದೆ, ಒದ್ದೆಯಾಗಿ ಕೋಳಿಗಳ ಕಾಲಿಗೆ ಮೆತ್ತಿಕೊಂಡಿತು. ಮರಳು ಹಾಕಿದೆ. ಬೀದಿಯ ಬೆಕ್ಕುಗಳೆಲ್ಲ ತಮಗಾಗಿಯೇ ಕಟ್ಟಿಸಿದ ಕಕ್ಕಸು ಅಂದುಕೊಂಡು ಬಂದುಹೋಗತೊಡಗಿದವು. ಬಡಗಿಯ ಅಂಗಡಿಯಿಂದ ಮರದ ಪುಡಿ ತಂದರೆ ಅದು ತೀರಾ ನುಣ್ಣಗಿತ್ತು, ಕರಿ ಕೋಳಿ ಸೀನಿದ್ದೇ ಸೀನಿದ್ದು. "ನಿನ್ ಕೋಳಿ ಕೂಗ್ದಿದ್ರೆ ಮೈಸೂರಿಗೆ ಬೆಳಗಾಗಲ್ಲ ನೋಡು, ಅದಕ್ಕೆ ಇಷ್ಟು ಉಪಚಾರ" ಎಂದು ಗಂಡ ರೇಗಿಸಿದರು. ಮಾಡಿದ ಆಮ್ಲೆಟ್ಟನ್ನು ಮಾತ್ರ ಮಾತಿಲ್ಲದೆ ತಿಂದರು.

ಕೊನೆಗೆ ನಂಜನಗೂಡು ರಸ್ತೆಯ ಒಂದು ರೈಸ್‌ಮಿಲ್ಲಿಗೆ ಹೋಗಿ ಭತ್ತದ ಹೊಟ್ಟು ತಂದೆ. ಸ್ಕೂಟರಿನ ಮುಂದೆ ಇಟ್ಟುಕೊಂಡಿದ್ದ ಮೂಟೆಯ ಬಾಯಿ ದಾರಿಯಲ್ಲಿ ಬಿಚ್ಚಿಕೊಂಡು, ಮನೆ ಸೇರುವಾಗ ನನ್ನ ತಲೆ, ರೆಪ್ಪೆ, ರವಿಕೆಯೊಳಗೆಲ್ಲ ಹೊಟ್ಟೇ ಹೊಟ್ಟು. ಉಳಿದದ್ದಕ್ಕೆ ಹೊಂಗೆಯ ಒಣ ಎಲೆ ಬೆರೆಸಿ ಗೂಡಿನಲ್ಲಿ ಗೇಣು ದಪ್ಪಕ್ಕೆ ಹಾಸಿದೆ. ಕೋಳಿ ಓಡಾಡುವ ಜಾಗ ಮಳೆಗೆ ಕೆಸರಾಗುತ್ತಿತ್ತಲ್ಲ, ಅಲ್ಲಿಗೆ ಬೀದಿ ಮೂಲೆಯ ಎಳನೀರು ಗಾಡಿಯಿಂದ ಒಣಗಿದ ಬುರುಡೆಗಳನ್ನು ತಂದು ಮಚ್ಚಿನಲ್ಲಿ ಕೊಚ್ಚಿ ತುಂಬಿದೆ. ಸಂಜೆ ಒಂದು ಹಿಡಿ ರಾಗಿ ಎರಚಿದರೆ ಸಾಕು, ಕೋಳಿಗಳೇ ಕೆದರಿ ಕೆದರಿ ಹಾಸನ್ನು ತಿರುವಿ ಹಾಕುತ್ತಿದ್ದವು. ಹಿಕ್ಕೆ ಹೊಟ್ಟಿನಲ್ಲಿ ಒಣಗಿ ಪುಡಿಯಾಯಿತು. ವಾರ ಕಳೆಯುವಷ್ಟರಲ್ಲಿ ಓನರಮ್ಮ ಸೆರಗು ಹಿಡಿಯದೆ ಮೆಟ್ಟಿಲಿಳಿಯುತ್ತಿದ್ದರು. ಅದು ಅವರ ಗಮನಕ್ಕೆ ಬಂದಿರಲಿಲ್ಲ, ನನ್ನ ಗಮನಕ್ಕೆ ಬಂದಿತ್ತು.

ಪಾದಪೂಜೆಯ ಹಿಂದಿನ ದಿನ ಅವರು ಮನೆ, ಮೆಟ್ಟಿಲು, ಕಾಂಪೌಂಡು ಎಲ್ಲವನ್ನೂ ತೊಳೆಯುತ್ತ ಬಂದರು. ನೀರು ಚಿಮ್ಮುವ ಪೈಪು ಹಿಡಿದು ನೇರ ಗೂಡಿನ ಕಡೆಗೇ ನಡೆದರು. ನಾನು ಓಡಿಹೋಗಿ ಅಡ್ಡ ನಿಂತೆ.

"ಬೇಡಿ ಅಮ್ಮಾ, ಇದಕ್ಕೆ ನೀರು ಹಾಕ್ಬೇಡಿ! ಹಾಕಿದ್ರೇನೇ ನಾರೋದು."

"ತೊಳೀದೆ ಹೆಂಗೆ ಶುಚಿಯಾಗತ್ತಮ್ಮ? ಬುದ್ಧಿಯೋರು ಬರೋ ದಿನ ಇದನ್ನ ಹಿಂಗೇ ಬುಡಕ್ಕಾಗತ್ತಾ? ಸರಿ ಪಕ್ಕಕ್ಕೆ."

"ಸರಿಯೋದಿಲ್ಲ. ನಾಳೆ ಒಂದ್ ಚೂರು ವಾಸ್ನೆ ಬಂದ್ರೂ ಕೋಳೀನ ನಾನೇ ಕಡಕೊಳಕ್ಕೆ ಕಳಿಸ್ತೀನಿ. ಇವತ್ತು ಮಾತ್ರ ಒಂದು ತೊಟ್ಟೂ ಬೀಳ್ಬಾರ್ದು."

ನನ್ನ ಸೀರೆ ಮೊಣಕಾಲವರೆಗೆ ನೆನೆಯಿತು, ಗೂಡು ನೆನೆಯಲಿಲ್ಲ. "ನಿಂದೂ ಒಂದ್ ಹಟ ಕಣಮ್ಮ" ಎಂದು ಗೊಣಗುತ್ತ ಅವರು ಪೈಪು ತಿರುಗಿಸಿದರು. ಆಡಿದ ಮೇಲೆ ನನಗೇ ಭಯವಾಯಿತು. ರಾತ್ರಿ ಜೋರು ಮಳೆ ಬೇರೆ. ಜಪಮಾಲೆ ಹಿಡಿದು, ದೇವಮಾತೆಯ ಮುಂದೆ ನಾಚಿಕೆಯಿಲ್ಲದೆ ಹೊಟ್ಟು ಒಣಗಿರಲಿ ಎಂದು ಬೇಡಿಕೊಂಡೆ.

ಬೆಳಗ್ಗೆ ಕೈ ಹಾಕಿ ನೋಡಿದೆ, ಒಣಗಿತ್ತು.

ಸ್ವಾಮಿಗಳು ಬಂದರು. ಬಂಧುಬಳಗವೆಲ್ಲ ಕೈಮುಗಿದು ಮೆಟ್ಟಿಲ ಎರಡೂ ಕಡೆ ನಿಂತಿತ್ತು, ನಾನೂ ನಮ್ಮ ಬಾಗಿಲಲ್ಲಿ ನಿಂತಿದ್ದೆ. ಅವರು ಮೊದಲ ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಕರಿ ಕೋಳಿ ಮೊಟ್ಟೆಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಕೊಕ್ಕೊಕ್ಕೊಕ್ಕೋ ಎಂದು ಸಾರಿತು. ಸ್ವಾಮಿಗಳು ನಿಂತರು, ಬಗ್ಗಿ ಗೂಡಿನ ಕಡೆ ನೋಡಿದರು.

"ಕೋಳಿ ಇದಾವಾ ಇಲ್ಲಿ? ಗೊತ್ತೇ ಆಗ್ಲಿಲ್ವಲ್ಲಮ್ಮ! ಒಂಚೂರೂ ವಾಸ್ನೆ ಇಲ್ಲ. ಯಾರವು?"

ಓನರಮ್ಮ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಎದೆಯುಬ್ಬಿಸಿ ಹೇಳಿದರು: "ನಮ್ಮನೆವೇ ಬುದ್ಧಿ. ಅದಕ್ಕೆ ನಾವು ನೀರು ಹಾಕಲ್ಲ. ಹಾಕಿದ್ರೇನೇ ನಾರೋದು."

ನಿನ್ನೆ ಪೈಪು ಹಿಡಿದು ಬಂದವರ ಬಾಯಲ್ಲಿ ಈ ಮಾತು! ಬೇರೆ ದಿನವಾಗಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದೆ. ಅಂದು ಕಣ್ಣು ತುಂಬಿ ಬಂತು, ನಗುವೂ ಬಂತು. ನನ್ನ ಬಾಡಿಗೆ ಮನೆಯ ಮಗ್ಗುಲಲ್ಲಿದ್ದ ಅಮ್ಮನ ಕೋಳಿಯನ್ನು ಓನರಮ್ಮ ತಮ್ಮ ಗುರುಗಳ ಮುಂದೆ ನಮ್ಮನೆಯದು ಅಂದಿದ್ದರು.