ಕುಂಚ ತಿರುಗಿಸಿದ ಸುಳಿ

"ಇದರ ಬೆನ್ನ ಮೇಲೆ ಸುಳಿ ಉಂಟಲ್ಲಮ್ಮ" ಎಂದು ಹಸು ಕೊಳ್ಳಲು ಸುಂಟಿಕೊಪ್ಪದಿಂದ ಬಂದಿದ್ದವರು ಬೆರಳು ತೋರಿಸಿದ್ದು ಹಸುವಿನ ಕಡೆಗಲ್ಲ, ನನ್ನ ಕ್ಯಾನ್‌ವಾಸಿನ ಕಡೆಗೆ.

ಪ್ರತಿ ಭಾನುವಾರದಂತೆ ಅಂದೂ ಪಕ್ಕದ ಮನೆಯ ನಿಂಗಮ್ಮನವರ ಕೊಟ್ಟಿಗೆಯ ಮುಂದೆ ಕುಳಿತು ಅವರ ಕೆಂದ ಹಸುವನ್ನು ತೈಲವರ್ಣದಲ್ಲಿ ಬರೆಯುತ್ತಿದ್ದೆ. ಮೈ ಹೊಳಪಿಗೆಂದು ಬೆನ್ನ ಮೇಲೆ ಕುಂಚವನ್ನು ಒಮ್ಮೆ ಗುಂಡಗೆ ತಿರುಗಿಸಿದ್ದೆ, ಅಷ್ಟೆ. ಅಲ್ಲಿ ಕೂದಲ ಸುಳಿ ಇರುವ ರಾಸು ಮನೆಗೆ ಆಗಿಬರುವುದಿಲ್ಲವೆಂದು ಕೊಳ್ಳಲು ಬಂದವರ ನಂಬಿಕೆ. ನಿಂಗಮ್ಮ ಹಸುವಿನ ಬೆನ್ನು ಸವರಿ, ಕೂದಲು ಬಿಡಿಸಿ ಸುಳಿಯಿಲ್ಲವೆಂದು ತೋರಿಸಿದರು. ಆತ ಹಸುವನ್ನು ಎರಡು ಸುತ್ತು ಬಂದು ಮತ್ತೆ ಚಿತ್ರವನ್ನೇ ನೋಡಿದರು. ಅದು ನನ್ನ ಕೈತಪ್ಪು ಎಂದೆ.

"ಬೆಳಿಗ್ಗೆಯಿಂದ ಎದುರಲ್ಲೇ ಕೂತು, ನೋಡಿ ನೋಡಿ ಬರ್ದಿದ್ದೀರಿ. ಇಲ್ಲದ್ದು ಎಲ್ಲಿಂದ ಬರ್ತದೆ ಸಾರ್?" ಎಂದವರೇ ಬಸ್ಸಿಗೆ ಹೊರಟುಬಿಟ್ಟರು.

ನಾನು ಬರೆದ ಹಸುವನ್ನು ಕಂಡು ಇದು ಕುರಿಯಾ ಎಂದು ನಮ್ಮ ಮನೆಯಲ್ಲಿ ಕೇಳುವುದುಂಟು. ಹಸುವಿಗಿಂತ ನನ್ನ ಚಿತ್ರವನ್ನೇ ಹೆಚ್ಚು ನಂಬಿದವರು ಅವರೊಬ್ಬರೇ. ಒಳಗಿನ ಖುಷಿ ಮುಖದಲ್ಲಿ ಕಾಣದಂತೆ ತಲೆ ತಗ್ಗಿಸಿ, ಟರ್ಪೆಂಟೈನ್ ಬಟ್ಟೆಯಿಂದ ಸುಳಿಯನ್ನು ಒರೆಸಿದೆ. ಈಗ ನಾನು ಬಣ್ಣದ ಪೆಟ್ಟಿಗೆ ಹಿಡಿದು ಬರುವುದು ಕಂಡರೆ ಸಾಕು, ನಿಂಗಮ್ಮ ಹಸುವಿನ ಬೆನ್ನಿಗೆ ಗೋಣಿಚೀಲ ಹೊದೆಸುತ್ತಾರೆ.