ಬೇಕಂತೆ

ಬೀದಿಗೆಲ್ಲ ಅವನು ಟೇಲರ್ ಮಾವ. ಬಟ್ಟೆಯ ಮೇಲೆ ಅವನ ಕತ್ತರಿ ಸರಾಗವಾಗಿ ಓಡುತ್ತಿತ್ತು, ಬಾಯೊಳಗೆ ನಾಲಿಗೆ ಮಾತ್ರ ಎಡವುತ್ತಿತ್ತು. ಅದರಲ್ಲೂ ‘ಬೇ’ ಬಂತೆಂದರೆ ಮುಗಿಯಿತು, ಅಲ್ಲೇ ಠಿಕಾಣಿ ಹೂಡುತ್ತಿತ್ತು. ‘ಬೇಡ’ ಅನ್ನಲು ಹೋಗಿ ಬೇ, ಬೇ ಅಂತ ಒದ್ದಾಡುವಷ್ಟರಲ್ಲಿ ಪಕ್ಕದವರು ‘ಬೇಕಂತೆ’ ಅಂದುಬಿಡೋರು. ಅದೇನು ಅವಸರವೋ ಈ ಜನಕ್ಕೆ! ಮಾತು ಅವನದು, ಬಾಲ ಇವರದು. ಮದುವೆಯೂ ಹಾಗೇ ಆಯಿತು. ಅವನು ‘ಬೇ’ ಅಂದ, ಸೋದರಮಾವ ‘ಬೇಕಂತೆ’ ಅಂದ, ಮನೆಮಂದಿಯೆಲ್ಲ ನಕ್ಕರು.

ಮೊನ್ನೆ ನಾದಿನಿಯ ಮಗಳು ಫೋನಿನ ಕ್ಯಾಮೆರಾ ಹಿಡಿದುಕೊಂಡೇ ಅಂಗಡಿಗೆ ಬಂದಳು.

“ದೊಡ್ಡಪ್ಪಾ, ತೊದಲೋರ ಬಗ್ಗೆ ವಿಡಿಯೋ ಮಾಡ್ತಿದ್ದೀನಿ. ಅವರು ಮಾತು ಮುಗಿಸೋವರೆಗೂ ಕಾಯ್ರಪ್ಪಾ ಅಂತ ಎಲ್ಲರಿಗೂ ಹೇಳ್ಬೇಕು. ನಿಮ್ಮನ್ನೂ ಹಾಕ್ಲಾ?”

ಮಾವನ ಕತ್ತಿನ ನರ ಉಬ್ಬಿತು. “ಬೇ... ಬೇ...”

“ಬೇಕಂತೆ, ಹಾಕು ಪುಟ್ಟಿ,” ಅಂದಳು ಪಕ್ಕದಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ.

ಸಂಜೆಗೆ ವಿಡಿಯೋ ಬಂತು. ಅದರಲ್ಲಿದ್ದದ್ದು ಅದೇ ಉಬ್ಬಿದ ನರ, ಅದೇ ಬೇ ಬೇ. ಮುಂದಿನದು ಬರುವ ಮೊದಲೇ ಕತ್ತರಿಸಿ, ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದಳು: ‘ಮಾತು ಮುಗಿಯುವವರೆಗೆ ಕಾಯಿರಿ.’

ಹೆಂಡತಿ ಕಣ್ಣೊರೆಸಿಕೊಂಡಳು. “ಎಷ್ಟು ಚೆನ್ನಾಗಿ ಮಾಡಿದ್ದಾಳೆ ನೋಡ್ರಿ! ಪಾಪ, ಬೇರೆಯವರಿಗೆ ಹೇಳಬೇಕಾಗುತ್ತೆ. ನನಗಾದರೆ ನಿಮ್ಮ ಬಾಯಿಂದ ಬರೋ ಮೊದಲೇ ಗೊತ್ತಾಗಿಬಿಡುತ್ತೆ. ಇನ್ನೊಂದ್ಸಲ ಹಾಕ್ಲಾ?”

“ಬೇ...” ಅಂದ ಮಾವ.

ಅವಳು ಆಗಲೇ ಹಾಕಿದ್ದಳು.